ಎರಡನೇ ಭೋಂಗಾಕ್ಕೆ ನೀರು

ಅಣ್ಣಿಗೇರಿಗೆ ಬಂದ ಮರುದಿನ ಬೆಳಿಗ್ಗೆಯೇ ನಾನು ಪೆದ್ದಿಯಾದೆ. ಮನೆಯೊಡತಿ ಹುಸೇನಬಿ ಹಿಂದಿನ ಸಂಜೆ ಹೇಳಿದ್ದರು: “ಎರಡನೇ ಭೋಂಗಾಕ್ಕ ನಳದಾಗ ನೀರು ಬರ್ತಾವ್ರಿ, ಅಕ್ಕೋರ.” ಇಲ್ಲಿ ಶಾಲೆಯ ಮೇಡಂ ಅಂದರೆ ಅಕ್ಕೋರು, ಭೋಂಗಾ ಅಂದರೆ ಗಿರಣಿಯ ಸೈರನ್. ಕೊಡ ಹಿಡಿದು ಬಾಗಿಲಲ್ಲಿ ಕಿವಿಗೊಟ್ಟು ಕೂತೆ. ಒಂದೂ ಕೂಗಲಿಲ್ಲ. ಹೊರಗೆ ಬಂದು ನೋಡಿದರೆ ಓಣಿಯವರೆಲ್ಲ ನೀರು ತುಂಬಿಕೊಂಡು ಹೋಗಿದ್ದರು.

“ಭೋಂಗಾ ಆಗಲೇ ಇಲ್ಲವಲ್ಲ, ಚಾಚಿ?”

“ಅಯ್ಯ, ಗಿರಣಿ ಬಂದ್ ಆಗಿ ಎಷ್ಟ ವರ್ಷಾತ್ರಿ! ವ್ಯಾಳ್ಯಾ ಅಷ್ಟ ಉಳದೈತಿ.”

ಮೈಸೂರಿನ ಓದುಗರೇ, ಊರಿಗೆ ಊರೇ ಕೂಗದ ಸೈರನ್ನಿನ ವೇಳೆಗೆ ಏಳುತ್ತದೆ, ಉಣ್ಣುತ್ತದೆ. ಮೊದಮೊದಲು ನಗು ಬಂತು. ಆಮೇಲೆ ಅಸಹ್ಯವಾಯಿತು.

ನಮ್ಮಲ್ಲಿ ರೈಲ್ವೆ ಸ್ಟೇಷನ್ನಿಗೆ ಜನ ಸಂಜೆ ಗಾಳಿ ಸೇವನೆಗೂ ಹೋಗುತ್ತಾರೆ. ಇಲ್ಲಿ ಹತ್ತಿಯ ಅಂಡಿಗೆಗಳು, ಅಂದರೆ ದೊಡ್ಡ ಮೂಟೆಗಳು, ವ್ಯಾಗನ್ ಏರುತ್ತಿದ್ದ ಗೂಡ್ಸ್ ಶೆಡ್ಡಿನ ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕು. ಒಳಗೆ ಹಂದಿಗಳು, ಗೋಡೆಗುಂಟ ಉಚ್ಚೆಯ ನಾತ. ಗಿರಣಿಗೆ ಹೋಗುತ್ತಿದ್ದ ಹಳಿಯ ಮೇಲೆ ಜಾಲಿ ಬೆಳೆದಿದೆ. ಹತ್ತಿ ಬೆಳೆಯುವುದೇನೂ ನಿಂತಿಲ್ಲ. ಲಾರಿ ಹತ್ತಿ ನೇರ ಹುಬ್ಬಳ್ಳಿಗೆ ಹೋಗುತ್ತದೆ. ವ್ಯಾಗನ್ ಬರುವುದು ನಿಂತಿತು, ಹಿಂದೆಯೇ ಗಿರಣಿ ಮುಚ್ಚಿತು.

ಆ ಗಿರಣಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರದ ಮುಂದೆ ಹುಸೇನಬಿ ಹರೆಯವನ್ನೆಲ್ಲ ಕಳೆದವರು. ಗಿರಣಿಯ ಮಾಲೀಕ ಸಾವಕಾರರು ಸಿಕ್ಕಾಗಲೆಲ್ಲ ಅದೇ ಮಾತು: “ವ್ಯಾಗನ್ ಸುರು ಆಗ್ಲಿ ಹುಸೇನಬಿ, ಮರುದಿನಾನ ಗಿರಣಿ ಚಾಲೂ.” ಆ ಸಿಹಿ ನಗೆ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಹುಸೇನಬಿಯ ತಮ್ಮ ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ ಗೊತ್ತು ಮಾಡಿ ಕರೆಯಲು ಬಂದ. ಈಕೆ ಒಪ್ಪಲಿಲ್ಲ.

“ಗಿರಣಿ ಚಾಲೂ ಆದಾಗ ನಾ ಇಲ್ಲಂದ್ರ ನನ್ನ ಜಾಗಾದಾಗ ಮತ್ತೊಬ್ಬಾಕಿ ಕುಂದರತಾಳ.”

ತಮ್ಮ ಬೈದುಕೊಂಡು ಬಸ್ಸು ಹತ್ತಿದ.

ಈ ನಡುವೆ ನಾನು ಊರಿಗೆ ಒಗ್ಗಿದೆ. ಎರೆಮಣ್ಣಿನ ಕೆಸರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಲು ಕಲಿತೆ. ಹುಸೇನಬಿಯ ಒಲೆಯ ಮುಂದೆ ಜೋಳದ ರೊಟ್ಟಿ ಹರಿಯದಂತೆ ಬಡಿದ ದಿನ ಮೈಸೂರಿಗೆ ತಂತಿ ಕೊಡಬೇಕೆನಿಸಿತು. ಗಡಿಯಾರ ನೋಡುವುದನ್ನು ಬಿಟ್ಟೆ. ಎರಡನೇ ಭೋಂಗಾಕ್ಕೆ ಕಾಲುಗಳು ತಾವಾಗಿ ನಳದ ಕಡೆ ಹೊರಡುತ್ತಿದ್ದವು. ರಜೆಯಲ್ಲಿ ತವರಿಗೆ ಹೋದಾಗಲೂ ಬಾಯಿತಪ್ಪಿ ಅದೇ ಮಾತು ಬಂತು. “ಯಾವ ಭೋಂಗಾನೇ?” ಅಂದ ಅಮ್ಮನಿಗೆ ಬಿಡಿಸಿ ಹೇಳುವಷ್ಟರಲ್ಲಿ ಇಲ್ಲಿಯ ನೆನಪಾಗಿ ರಜೆ ಇನ್ನೆಷ್ಟು ದಿನ ಎಂದು ಎಣಿಸಿದೆ.

ರಜೆ ಮುಗಿಸಿ ಬಂದ ವಾರವೇ ಗಿರಣಿಯ ಮುಂದೆ ಗುಜರಿಯವನ ಲಾರಿ ನಿಂತಿತ್ತು. ಯಂತ್ರಗಳ ಮೇಲೆ, ತುಕ್ಕು ಹಿಡಿದ ಬಾಯಿ ಮೇಲೆ ಮಾಡಿಕೊಂಡು, ಭೋಂಗಾ. ಹುಸೇನಬಿ ಓಡಿಹೋಗಿ ಕೇಳಿದರು. ಸಾವಕಾರರು ಆಗಲೂ ನಕ್ಕರು.

“ಹಳೇದಾಗಿತ್ತವಾ. ಹೊಸಾದು ತರಸ್ತೀನಿ.”

ಥೂ! ಎಲ್ಲ ಮಾರಿ ತಿಂದ ಮೇಲೂ ಆ ಬಾಯಿಗೆ ಸುಳ್ಳು ಬೇಕಾಗಿತ್ತು. ಹುಸೇನಬಿ ಅಂದೇ ತಮ್ಮನಿಗೆ ಹೇಳಿಕಳಿಸಿದರು. ಖಾನಾವಳಿಯಲ್ಲಿ ಆಗಲೇ ಬೇರೆಯವಳು ಕೂತಿದ್ದಳು.

ಮೊನ್ನೆ ನಮ್ಮ ಶಾಲೆಗೆ ತುಮಕೂರಿನಿಂದ ಹೊಸ ಮೇಡಂ ಬಂದು ಪಕ್ಕದ ಕೋಣೆಗೆ ಇಳಿದರು. ನೀರು ಯಾವಾಗ ಬರುತ್ತದೆ ಎಂದು ಕೇಳಿದರು. ಕಟ್ಟೆಯ ಮೇಲೆ ಹುಸೇನಬಿ ಅಕ್ಕಿ ಆರಿಸುತ್ತಿದ್ದರು. ನಾನು ಈ ಊರಿನವಳೇ ಎಂಬ ಗತ್ತಿನಲ್ಲಿ ಅಂದೆ: “ಎರಡನೇ ಭೋಂಗಾಕ್ಕ ಬರ್ತಾವ್ರಿ.”

ಹುಸೇನಬಿ ತಲೆ ಎತ್ತಲಿಲ್ಲ.

“ಯಾವ ಭೋಂಗಾರೀ ಅಕ್ಕೋರ? ಗಡಿಯಾರ ನೋಡಿ ಹೇಳ್ರಿ.”