ಮೂರು ಅಂದಾಗಲೋ, ಮೂರಾದ ಮೇಲೋ

ಆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮಿಕ್ಕವರಿಗೆಲ್ಲ ಅವಳು ಎತ್ತಕ್ಕ. ಹಾಸಿಗೆ ಹಿಡಿದವರು ಬೆಳಗಾದರೆ ಸಾಕು, "ಎತ್ತಕ್ಕಾ, ಒಂಚೂರು ಎತ್ತಕ್ಕಾ" ಅಂತ ಕೂಗಿ ಕೂಗಿ ಅದೇ ಹೆಸರಾಗಿ ಕೂತುಬಿಟ್ಟಿತ್ತು. ಗಾಡಿ ಎಳೆಯೋ ಎತ್ತಿಗೂ ಇವಳಿಗೂ ಏನು ವ್ಯತ್ಯಾಸ ಅಂತ ಕಿಚಾಯಿಸುವವರೂ ಇದ್ದರು. ಅವಳು ಅದನ್ನೆಲ್ಲ ಕಿವಿಗೆ ಹಾಕಿಕೊಂಡವಳೇ ಅಲ್ಲ.

ಆಯಾ ಕೆಲಸದಲ್ಲಿ ಇಪ್ಪತ್ಮೂರು ವರ್ಷದ ಸರ್ವೀಸು. ದಿನಕ್ಕೆ ಏನಿಲ್ಲ ಅಂದರೂ ಇಪ್ಪತ್ತು ಸಲ ಎತ್ತುವುದು. ಮಂಚದಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಕಮೋಡಿಗೆ, ಅಲ್ಲಿಂದ ಸ್ನಾನದ ಕುರ್ಚಿಗೆ, ಮತ್ತೆ ಮಂಚಕ್ಕೆ. ಅವಳು ಎತ್ತುವುದನ್ನು ನೋಡಬೇಕಿತ್ತು! ರೋಗಿಯ ಎರಡು ಮಂಡಿಗಳ ನಡುವೆ ತನ್ನ ಒಂದು ಮಂಡಿ ಇಟ್ಟು, ಕಂಕುಳ ಕೆಳಗೆ ಕೈ ತೂರಿಸಿ, "ನನ್ನ ಕತ್ತು ಹಿಡ್ಕೊಳ್ಳಿ, ಡ್ಯಾನ್ಸ್ ಮಾಡೋಣ" ಅನ್ನುತ್ತಿದ್ದಳು. ಅವರು ನಗುವಷ್ಟರಲ್ಲಿ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಇಷ್ಟು ವರ್ಷದಲ್ಲಿ ಅವಳ ಕೈಯಿಂದ ಒಬ್ಬರೂ ಜಾರಿ ಬಿದ್ದಿರಲಿಲ್ಲ. ಒಬ್ಬರೇ ಒಬ್ಬರೂ ಇಲ್ಲ.

ಭಾರದ ಜನರನ್ನು ಇಬ್ಬರು ಸೇರಿ ಎತ್ತಬೇಕು. ಅವಳ ಖಾಯಂ ಜೋಡಿ ಗಿಳಿ. ಬಾಯಿಗೆ ಬೀಗ ಇಲ್ಲದ್ದಕ್ಕೆ ಬಂದ ಹೆಸರು ಅದು. ಇಬ್ಬರೂ ಹನ್ನೊಂದು ವರ್ಷದಿಂದ "ಒಂದು, ಎರಡು, ಮೂರು" ಅಂತ ಎಣಿಸಿ, ಸರಿಯಾಗಿ "ಮೂರು" ಅನ್ನುವಾಗಲೇ ಎತ್ತುತ್ತಿದ್ದರು. ಎಂಟು ತಿಂಗಳ ಹಿಂದೆ ಗಿಳಿ ರಜ ಹಾಕಿದ್ದ ದಿನ ಕೆಳಗಿನ ವಾರ್ಡಿನಿಂದ ಬೇರೊಬ್ಬಳು ಬಂದಳು. ಒಂದು, ಎರಡು, ಮೂರು. ಎತ್ತಕ್ಕ ಮೂರು ಅಂದಾಗ ಎತ್ತಿದಳು. ಆ ಹೆಂಗಸು ಮೂರು ಆದ ಮೇಲೆ ಎತ್ತುವ ಪೈಕಿ. ಆ ಅರೆ ಕ್ಷಣ ರೋಗಿಯ ಅಷ್ಟೂ ಭಾರ ಒಬ್ಬಳ ಮೇಲೆ ಬಿತ್ತು. ಸೊಂಟದೊಳಗೆ ಏನೋ ಟಕ್ ಅಂದಿತು.

ರೋಗಿಗೆ ಏನೂ ಆಗಲಿಲ್ಲ. "ಏನಾಯ್ತಕ್ಕಾ?" ಅಂತ ಆ ಹೆಂಗಸು ಕೇಳಿದ್ದಕ್ಕೆ "ಏನಿಲ್ಲ" ಅಂದಳು.

ಇಪ್ಪತ್ತು ದಿನ ನೋವಿತ್ತು. ಆಮೇಲೆ ಒಂದು ಬೆಳಗ್ಗೆ ಎದ್ದರೆ ನೋವು ಮಾಯ. ಜೊತೆಗೆ ಎಡಗಾಲೂ ಮಾಯ! ಕಾಲು ಇತ್ತು, ಅವಳಿಗೆ ಗೊತ್ತಾಗುತ್ತಿರಲಿಲ್ಲ ಅಷ್ಟೆ. ಬಿಸಿನೀರು ಬಿದ್ದರೂ ಗೊತ್ತಾಗುತ್ತಿರಲಿಲ್ಲ, ಮಂಚದ ಗಾಲಿ ಹತ್ತಿದರೂ ಇಲ್ಲ. ಮೊದಲಿಗೆ ಹೆದರಿಕೆ ಆದೀತು ಅಂತ ಕಾದಳು. ಹೆದರಿಕೆಯೂ ಬರಲಿಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ಅತ್ತೆಗೆ. ಗಂಡ ಲಾರಿ ಡ್ರೈವರು, ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಒಂದು ಸಂಜೆ ಬಾಗಿಲಲ್ಲೇ ಅತ್ತೆ ತಡೆದರು.

"ಏನೇ, ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬರೀ ರಸ್ತೆ? ಹೊಸಾ ಫ್ಯಾಶನ್ನಾ?"

ಕೆಳಗೆ ನೋಡಿಕೊಂಡಳು. ಎಡಗಾಲು ಬರಿಗಾಲು. ಹಿಮ್ಮಡಿಯಲ್ಲಿ ಗಾಜಿನ ಚೂರು ಬೇರೆ ಚುಚ್ಚಿಕೊಂಡಿತ್ತು.

"ಬಸ್ಸಲ್ಲಿ ತುಳಿದ್ರು ಅತ್ತೆ, ಬಿದ್ದೋಯ್ತು."

"ಬಿದ್ದಿದ್ದು ಚಪ್ಪಲಿನೋ, ತಲೆನೋ?" ಅಂತ ಗೊಣಗಿ ಅತ್ತೆ ಚಿಮುಟ ತಂದುಕೊಟ್ಟರು. ಅವಳು ಚೂರು ಕಿತ್ತಳು, ರಕ್ತ ಒರೆಸಿದಳು. ಬೇರೆ ಯಾರದೋ ಕಾಲಿಗೆ ಪಟ್ಟಿ ಕಟ್ಟುವ ಹಾಗೆ ಕಟ್ಟಿದಳು.

ಯಾಕೆ ಹೇಳಲಿಲ್ಲ ಅಂದರೆ, ಹೇಳಿದರೆ ವಾರ್ಡು ಕೈಬಿಟ್ಟು ಹೋಗುತ್ತೆ. ಮುಂಚೆ ಒಬ್ಬಳು ಸೊಂಟ ಹಿಡ್ಕೊಂಡಿದೆ ಅಂತ ಬಾಯಿಬಿಟ್ಟು, ವಿಶ್ರಾಂತಿಗೆ ಅಂತ ಹೋದವಳು ವಾಪಸ್ ಬಂದೇ ಇರಲಿಲ್ಲ. ಹೇಳದಿದ್ದರೆ ಇನ್ನೊಂದು ಗಂಡಾಂತರ. ಎಡಗಾಲು ಯಾವತ್ತು ಮಡಚಿಕೊಳ್ಳುತ್ತೋ, ಆವತ್ತು ಅವಳ ಕತ್ತು ಹಿಡಿದುಕೊಂಡವರು ಯಾರೋ ಅವರು ನೆಲಕ್ಕೆ. ಎರಡೂ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ದಿನಾ ಹೋಗಿ ಎತ್ತುತ್ತಿದ್ದಳು, ಎಡಗಾಲನ್ನು ಕಣ್ಣಲ್ಲಿ ನೋಡಿ ನೋಡಿ ಸರಿಯಾದ ಜಾಗದಲ್ಲಿ ಇಟ್ಟುಕೊಂಡು.

ಅಂಥಾ ಹೊತ್ತಲ್ಲಿ ವಾರ್ಡಿಗೆ ರೋಗಿಗಳನ್ನು ಎತ್ತುವ ಒಂದು ಯಂತ್ರ ಬಂತು. ಉದ್ದ ಕತ್ತು, ಬಾಗಿದ ಮೂತಿ, ಕೆಳಗೆ ಅಗಲಿಸಬಹುದಾದ ಎರಡು ಕಾಲು, ಕಾಲಿಗೆ ಗಾಲಿ. ಗಿಳಿ ನೋಡಿದ್ದೇ ತಡ, "ಅಯ್ಯೋ, ಕೊಕ್ಕರೆ ಬಂತು!" ಅಂದಳು. ಅಲ್ಲಿಂದ ಅದು ಕೊಕ್ಕರೆಯೇ. ಅದರ ಜೊತೆ ನಾಕು ಅಳತೆಯ ಬಟ್ಟೆ ಜೋಲಿಗಳು. ಕಲಿಸಲು ಬಂದವಳು ವ್ಯಾಯಾಮ ಮಾಡಿಸುವ ಸಣ್ಣ ವಯಸ್ಸಿನ ಹುಡುಗಿ. ಡಾಕ್ಟರಲ್ಲದಿದ್ದರೂ ಎಲ್ಲರೂ ಅವಳನ್ನು ಡಾಕ್ಟ್ರಮ್ಮ ಅನ್ನುತ್ತಿದ್ದರು.

"ಮೊದ್ಲು ಹೇಳಿ, ಇಬ್ರು ಎತ್ತುವಾಗ ಹೇಗೆ ಎಣಿಸ್ತೀರ?" ಡಾಕ್ಟ್ರಮ್ಮ ಕೇಳಿದಳು.

"ಒಂದು ಎರಡು ಮೂರು, ಇನ್ನೇನು? ನಾವೂ ಸ್ಕೂಲಿಗೆ ಹೋಗಿದೀವಿ" ಗಿಳಿ ಅಂದಳು.

"ಸರಿ, ಮೂರು ಅಂದಾಗ ಎತ್ತೋದೋ, ಮೂರಾದ ಮೇಲೋ?"

ಅಷ್ಟೇ ಸಾಕಾಯ್ತು. ಅಂದಾಗ ಅಂತ ಕೆಲವರು, ಆದಮೇಲೆ ಅಂತ ಕೆಲವರು. ಇಷ್ಟು ವರ್ಷ ಒಂದೇ ಮಂಚದ ಆಚೆ ಈಚೆ ನಿಂತವರು ಅವತ್ತು ವಾರ್ಡಿನ ಮಧ್ಯೆ ಎರಡು ಪಕ್ಷವಾಗಿ ಕಿತ್ತಾಡಿದರು. "ಮೂರು ಅನ್ನೋದೇ ಎತ್ತು ಅಂತ ಕಣೇ!" "ಮೂರು ಮುಗೀಬೇಡ್ವಾ? ಅರ್ಧಂಬರ್ಧ ಮೂರಲ್ಲಿ ಎತ್ತಿಬಿಡ್ತೀಯಾ?" ಎತ್ತಕ್ಕ ಮಾತ್ರ ನೀರಿನ ಜಗ್ಗುಗಳಿಗೆ ಮುಚ್ಚಳ ಮುಚ್ಚುತ್ತ ನಿಂತಿದ್ದಳು.

"ಕೊಕ್ಕರೆಗೆ ಈ ಜಗಳ ಬೇಡ" ಅಂತ ಡಾಕ್ಟ್ರಮ್ಮ ನಕ್ಕು, ಹೇಳಿಕೊಡತೊಡಗಿದಳು. ರೋಗಿಯನ್ನು ಮಗ್ಗುಲಿಗೆ ಹೊರಳಿಸಿ ಬೆನ್ನ ಕೆಳಗೆ ಜೋಲಿ ಹಾಸುವುದು, ತೊಡೆ ಕೆಳಗಿನ ಎರಡು ಪಟ್ಟಿ ನಡುವೆ ಅಡ್ಡಹಾಯಿಸುವುದು, ಎಡಕ್ಕೂ ಬಲಕ್ಕೂ ಒಂದೇ ಬಣ್ಣದ ಕುಣಿಕೆಯನ್ನೇ ಕೊಕ್ಕೆಗೆ ಸಿಕ್ಕಿಸುವುದು. ಗಾಲಿಕುರ್ಚಿಗೆ ಬ್ರೇಕ್ ಹಾಕುವುದು. ಎತ್ತುವಾಗ ಕೊಕ್ಕರೆಗೆ ಮಾತ್ರ ಬ್ರೇಕ್ ಹಾಕಬಾರದು, ಅದೇ ಸರಿದುಕೊಂಡು ಭಾರದ ಮಧ್ಯಕ್ಕೆ ಬರುತ್ತೆ. ಒಂದಂಗುಲ ಎತ್ತಿ ನಿಲ್ಲಿಸುವುದು, ನಾಕೂ ಕೊಕ್ಕೆ ನೋಡುವುದು, ಆಮೇಲೆ ಮುಂದಕ್ಕೆ. ಏನೇ ಆದರೂ ಇಬ್ಬರಿರಬೇಕು.

"ಒಬ್ರು ಒಳಗೆ ಕೂತು ನೋಡಿ. ರೋಗಿಗೆ ಹೇಗನ್ಸುತ್ತೆ ಅಂತ ತಿಳಿಯುತ್ತೆ."

ಎಲ್ಲರೂ ಎತ್ತಕ್ಕನನ್ನು ಮುಂದಕ್ಕೆ ನೂಕಿದರು. "ಜನ್ಮವೆಲ್ಲ ಬೇರೆಯವ್ರನ್ನ ಎತ್ತಿದೀಯ, ಇವತ್ತು ನೀನೂ ಮೇಲಕ್ಕೇಳೇ!" ಅವಳು ಮಲಗಿದಳು, ಜೋಲಿ ಬಿಗಿಯಿತು, ಮಂಚ ಬೆನ್ನಿನಿಂದ ದೂರವಾಯ್ತು. ಏನನ್ನಿಸುತ್ತೆ ಅಂತ ಕೇಳಿದರು. ಏನೂ ಅನ್ನಿಸುತ್ತಿಲ್ಲ ಅಂದಳು, ಅದು ನಿಜವೂ ಆಗಿತ್ತು. ಗಾಳಿಯಲ್ಲಿ ಎರಡು ಕಾಲು ನೇತಾಡಿದವು. ಬಲಗಾಲು ನೆಟ್ಟಗಿತ್ತು. ಎಡಗಾಲಿನ ಪಾದ ಒದ್ದೆ ಬಟ್ಟೆಯ ಹಾಗೆ ಕೆಳಕ್ಕೆ ಜೋತುಬಿತ್ತು, ಚಪ್ಪಲಿ ಟಪ್ ಅಂತ ಬಿತ್ತು. ಎಲ್ಲ ಗೊಳ್ಳೆಂದು ನಕ್ಕರು. ಅವಳು ಬಿದ್ದ ಚಪ್ಪಲಿಯ ಕಡೆ ತಿರುಗಿಯೂ ನೋಡಲಿಲ್ಲ.

ಡಾಕ್ಟ್ರಮ್ಮ ನಗಲಿಲ್ಲ. ಆಮೇಲೆ ಕಾರಿಡಾರಿನಲ್ಲಿ ಹಿಂದೆಯೇ ಬಂದಳು.

"ಎಷ್ಟು ದಿನ ಆಯ್ತಕ್ಕ ಕಾಲು ಹೀಗಾಗಿ?"

"ಯಾವ ಕಾಲು?"

"ನೀವು ನೋಡ್ಕೊಂಡು ನೋಡ್ಕೊಂಡು ಇಡ್ತೀರಲ್ಲ, ಆ ಕಾಲು."

ಎತ್ತಕ್ಕ ಎಡಗಾಲನ್ನು ಬಲಗಾಲಿನ ಹಿಂದಕ್ಕೆ ಸರಿಸಿದಳು.

"ದೊಡ್ಡ ಸಿಸ್ಟರ್‌ಗೆ ನಾನು ಹೇಳ್ಬಹುದು. ಆದ್ರೆ ನೀವೇ ಹೇಳಿದ್ರೆ ಚೆನ್ನ. ಸೋಮವಾರ ಸಂಜೆ ನಾನು ಮತ್ತೆ ಬರ್ತೀನಿ. ಅಷ್ಟರೊಳಗೆ ಯಾರನ್ನೂ ಕೈಯಲ್ಲಿ ಎತ್ಬೇಡಿ, ದಮ್ಮಯ್ಯ."

ಶನಿವಾರ ಭಾನುವಾರ ಅವಳ ರಜ ಇತ್ತು. ಹಾಸಿಗೆ ಹೊದಿಕೆ ಒಗೆದಳು, ಅತ್ತೆಯ ಉಗುರು ಕತ್ತರಿಸಿದಳು. ಸೋಮವಾರ ಬಂತು.

ಆರನೇ ಮಂಚದಲ್ಲಿ ಹೆಡ್ಮಾಸ್ತರು. ನಿವೃತ್ತರಾಗಿ ಎಷ್ಟೋ ವರ್ಷ, ಬಲಭಾಗ ಪೂರ್ತಿ ಬಿದ್ದುಹೋಗಿತ್ತು, ಎಂಬತ್ನಾಲ್ಕು ಕಿಲೋ ತೂಕ. ಮಾತೊಂದು ಮಾತ್ರ ಗಟ್ಟಿ. ಗಿಳಿ ಜೋಲಿ ತಂದಿದ್ದೇ ತಡ, ಎಡಗೈಯಲ್ಲಿ ಅದನ್ನು ತಳ್ಳಿಬಿಟ್ಟರು.

"ನಾನೇನು ಗೋಣಿಚೀಲನಾ ನೇತು ಹಾಕೋಕೆ? ಎತ್ತಕ್ಕ ಎಲ್ಲಿ? ಅವಳೇ ಎತ್ಲಿ."

"ಸರ್, ಇದು ನಿಮ್ಮ ಒಳ್ಳೇದಕ್ಕೇ..."

"ನನ್ನ ಒಳ್ಳೇದು ನಂಗೊತ್ತು. ನಿನ್ನಂಥೋರನ್ನ ಎಷ್ಟು ಜನಾನ ಬೆಂಚ್ ಮೇಲೆ ನಿಲ್ಸಿದೀನಿ!"

ಅಷ್ಟರಲ್ಲಿ ದೊಡ್ಡ ಸಿಸ್ಟರ್ ಬಂದರು. ವಾರ್ಡಿನ ಜವಾಬ್ದಾರಿಯೆಲ್ಲ ಅವರದ್ದೇ. ಹನ್ನೊಂದಕ್ಕೆ ದೊಡ್ಡ ಡಾಕ್ಟರ ರೌಂಡ್ಸು, ಇನ್ನೂ ಐದು ಜನರ ಸ್ನಾನ ಬಾಕಿ. "ಇವತ್ತೊಂದಿನ ಕೈಯಲ್ಲೇ ಎತ್ಬಿಡ್ರಮ್ಮ, ಹೊತ್ತಾಗ್ತಿದೆ" ಅಂದರು.

ಎತ್ತಕ್ಕ ಬಂದಳು. ಮಾಸ್ತರನ್ನು ಮಂಚದ ಅಂಚಿಗೆ ಕೂರಿಸಿ, ಮಂಡಿ ನಡುವೆ ಮಂಡಿ ಇಟ್ಟು, ಕಂಕುಳ ಕೆಳಗೆ ಕೈ ತೂರಿಸಿದಳು. ಮಾಸ್ತರ ಹಿಂದಿನಿಂದ ಗಿಳಿ ಅವರ ಸೊಂಟಪಟ್ಟಿ ಹಿಡಿದಳು. ಮಾಸ್ತರ ಎಡಗೈ ಬಂದು ಅವಳ ಕತ್ತನ್ನು ತಬ್ಬಿತು. ಬಿಗಿಯಾಗಿ, ಪೂರ್ತಿ ನಂಬಿಕೆಯಿಂದ. "ಹ್ಞೂಂ, ಎಣಿಸು" ಅಂದರು ಗೆದ್ದವರ ಹಾಗೆ.

"ಒಂದು" ಅಂದಳು. "ಎರಡು."

ಅಭ್ಯಾಸದ ಮೇಲೆ ಕೆಳಗೆ ನೋಡಿದಳು. ಎಡಪಾದ ಮಗುಚಿಕೊಂಡು ಅಡ್ಡ ಬಿದ್ದಿತ್ತು, ಅದರ ಅಂಚಿನ ಮೇಲೆ ಅವಳು ನಿಂತಿದ್ದಳು. ಗೊತ್ತೇ ಆಗಿರಲಿಲ್ಲ.

"ಏನೇ, ಮೂರು ಮರ್ತೋಯ್ತಾ?" ಗಿಳಿ ಕೇಳಿದಳು.

"ಮೂರು ಹೇಳಲ್ಲ ನಾನು." ಎತ್ತಕ್ಕನ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. ನಾಳೆ ಡ್ಯೂಟಿ ಯಾರದ್ದು ಅಂತ ಹೇಳುವ ಹಾಗೆ ಹೇಳಿದಳು. "ಮಾಸ್ತರೇ, ನನ್ನ ಎಡಗಾಲು ನಂಗೆ ಗೊತ್ತಾಗಲ್ಲ. ಏಳೆಂಟು ತಿಂಗಳಾಯ್ತು. ಎತ್ತಿದ್ರೆ ನಿಮ್ಮನ್ನ ಕೆಡವ್ತೀನಿ. ಕೈ ತೆಗೀರಿ."

ಮಾಸ್ತರು ಕೈ ತೆಗೆಯಲಿಲ್ಲ. ಅವಳೇ ಮೆಲ್ಲಗೆ ಬಿಡಿಸಿ, ಅವರನ್ನು ಮಲಗಿಸಿದಳು. ಗಿಳಿಯ ಬಾಯಿಂದ, ಹುಟ್ಟಿದಾಗಿಂದ ಮೊದಲ ಸಲ ಇರಬೇಕು, ಒಂದು ಮಾತೂ ಬರಲಿಲ್ಲ. ದೊಡ್ಡ ಸಿಸ್ಟರ್ ಕೈಯಲ್ಲಿದ್ದ ಫೈಲನ್ನು ಮಂಚದ ಮೇಲಿಟ್ಟರು.

"ಜೋಲಿ ಹಾಸೇ ಗಿಳಿ" ಎತ್ತಕ್ಕನೇ ಅಂದಳು. "ದೊಡ್ಡ ಅಳತೇದು ತಗೋ. ಅದಲ್ಲ, ಅವ್ರು ಅದರಲ್ಲಿ ಹಿಡ್ಸಲ್ಲ."

ಈ ಸಲ ಮಾಸ್ತರು ತಳ್ಳಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಹೊರಳಿಸಿದರು, ಹಾಸಿದರು, ಪಟ್ಟಿ ಅಡ್ಡಹಾಯಿಸಿದರು, ನಾಕು ಕೊಕ್ಕೆ ಸಿಕ್ಕಿಸಿದರು. ದೊಡ್ಡ ಸಿಸ್ಟರೇ ಗುಂಡಿ ಒತ್ತಿದರು. ಒಂದಂಗುಲ, ನಿಲ್ಲಿಸಿ, ನೋಡಿ, ಮತ್ತೆ. ಎಂಬತ್ನಾಲ್ಕು ಕಿಲೋ ಸದ್ದಿಲ್ಲದೆ ಮೇಲೆದ್ದಿತು. ಎತ್ತಕ್ಕ ಎರಡು ಹೆಜ್ಜೆ ದೂರ ನಿಂತು ನೋಡಿದಳು. ಕೈ ಏನು ಮಾಡಬೇಕೋ ತೋಚದೆ ಮಂಚದ ಸರಳು ಹಿಡಿದುಕೊಂಡಿತ್ತು.

ಮೇಲೆ ತೂಗುತ್ತಿದ್ದ ಮಾಸ್ತರು ಒಂದು ಕಣ್ಣು ತೆರೆದರು.

"ಆ ಫ್ಯಾನ್ ರೆಕ್ಕೆ ಮೇಲೆ ಎಷ್ಟು ಧೂಳು ನೋಡ್ರೀ. ಇದು ಆಸ್ಪತ್ರೆನಾ?"

ಯಾರೋ ಕಿಸಕ್ಕೆಂದರು. ಕುರ್ಚಿಯಲ್ಲಿ ಕೂತ ಮೇಲೆ ಮಾಸ್ತರು ಎತ್ತಕ್ಕನ ಕಡೆ ತಿರುಗಲಿಲ್ಲ. ಸ್ನಾನದ ಮನೆವರೆಗೂ ಗೋಡೆ ನೋಡಿಕೊಂಡೇ ಹೋದರು.

ಮಧ್ಯಾಹ್ನ ದೊಡ್ಡ ಸಿಸ್ಟರ್ ತಮ್ಮ ಕೋಣೆಗೆ ಕರೆದರು. ಬೈಯ್ತಾರೆ ಅಂದುಕೊಂಡಿದ್ದಳು. ಅವರು ಒಂದು ಚೀಟಿ ಬರೆದುಕೊಟ್ಟರು. ನಾಳೆ ಹತ್ತಕ್ಕೆ ಸೊಂಟದ ಸ್ಕ್ಯಾನಿಂಗು. ನರ ಒತ್ತಿಕೊಂಡು ಎಂಟು ತಿಂಗಳು ಅಂದರೆ ತಿರುಗಿ ಸರಿಹೋಗುತ್ತೋ ಇಲ್ಲವೋ ದೊಡ್ಡ ಡಾಕ್ಟರೇ ಹೇಳಬೇಕು.

"ಎತ್ತೋ ಕೆಲಸ ಇವತ್ತಿಗೇ ಬಂದ್. ಜೋಲಿಗಳ ಹೊಲಿಗೆ ಬಿಟ್ಟಿದ್ಯಾ, ಕುಣಿಕೆ ಸವೆದಿದ್ಯಾ ಅಂತ ದಿನಾ ನೋಡೋಕೆ ಒಬ್ರು ಬೇಕು. ನೀನು ಆ ಕೆಲಸಕ್ಕೆ ಕೂತ್ಕೊ. ವಾರ್ಡಿಗೆ ವಾಪಸ್ ಹಾಕ್ತೀನಿ ಅಂತ ಮಾತು ಕೊಡಲ್ಲ ನಾನು."

"ಹ್ಞೂಂ ಸಿಸ್ಟರ್."

"ಅಳೋದಿದ್ರೆ ಅತ್ತುಬಿಡಮ್ಮ."

ಒಂದು ಸಲ ಯೋಚಿಸಿ ನೋಡಿದಳು. ಅಳು ಬರಲಿಲ್ಲ. "ಇಲ್ಲ ಸಿಸ್ಟರ್" ಅಂದು, ಚೀಟಿ ಮಡಚಿಟ್ಟುಕೊಂಡು ಹೊರಬಂದಳು.

ಮನೆಗೆ ಬಂದು ಚೀಟಿಯನ್ನು ಅತ್ತೆಯ ಮುಂದೆ ಇಟ್ಟಳು. ಇದ್ದದ್ದು ಇದ್ದ ಹಾಗೆ ಹೇಳಿದಳು. ಅತ್ತೆ ಏನೂ ಬೈಯಲಿಲ್ಲ. ಅವಳನ್ನು ಮಂಚದ ಮೇಲೆ ಕೂರಿಸಿ, ತಾವು ಮೊಣಕಾಲು ಊರಿ ಕೆಳಗೆ ಕೂತು, ಎಡಗಾಲಿನ ಹೆಬ್ಬೆರಳು ಗಟ್ಟಿಯಾಗಿ ಚಿವುಟಿದರು.

"ಗೊತ್ತಾಯ್ತಾ?"

"ಇಲ್ಲ."

ಪಾದದ ಮೇಲೆ ಚಿವುಟಿದರು. "ಈಗ?"

"ಇಲ್ಲ."

ಮೀನಖಂಡದ ಪಕ್ಕ. ಇಲ್ಲ. ಇನ್ನೂ ಮೇಲೆ. ಇಲ್ಲ. ಮಂಡಿಯ ಹತ್ತಿರ ಬಂದು ಉಗುರು ಊರಿದಾಗ ಅವಳು ಕಾಲು ಎಳೆದುಕೊಂಡಳು. "ಹಾ, ಅಲ್ಲಿ ನೋಯ್ತು ಅತ್ತೆ."

ಅತ್ತೆ ಆ ಜಾಗದ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿದರು. ಆಮೇಲೆ ಮಂಚದ ಕಾಲು ಹಿಡಿದುಕೊಂಡು ಏದುಸಿರು ಬಿಡುತ್ತ ಎದ್ದರು.

"ನಾಳೆ ನಾನೂ ಬರ್ತೀನಿ."

"ನಿಮ್ಗೆ ಆಸ್ಪತ್ರೆಯ ಅಷ್ಟು ಮೆಟ್ಲು ಹತ್ತೋಕಾಗಲ್ಲ."

"ನಿಂಗಾಗುತ್ತಾ?"

"ಇಲ್ಲ" ಅಂದಳು. "ಲಿಫ್ಟಲ್ಲಿ ಹೋಗೋಣ."