ಜೆಬೆಲ್ ಶಮ್ಸ್‌ನ ಹಿಮದಲ್ಲಿ ಒಂದು ತಟ್ಟೆ ಕೆಂಡ

ಶುಕ್ರವಾರ ಬೆಳಿಗ್ಗೆ ಮಸ್ಕತ್ತಿನ ರೂವಿಯಿಂದ ಹೊರಟಾಗ ಕಾರಿನಲ್ಲಿ ಎಸಿ ಹಾಕಿದ್ದೆವು. ಒಮಾನಿನಲ್ಲಿ ಹಿಮವೇ ಎಂದು ನಗಬೇಡಿ, ನಾವೂ ನಕ್ಕಿದ್ದೆವು. ಜೊತೆಗೆ ಹೆಂಡತಿ ಸುಜಾತಾ, ಎಂಟು ವರ್ಷದ ಮಗಳು ಧೃತಿ, ಪುತ್ತೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆ. ನಿಜ್ವಾದಲ್ಲಿ ಬಿರಿಯಾನಿ ತಿಂದು, ಕಂಬಳಿ, ಇದ್ದಿಲು ಕೊಂಡು ಜೆಬೆಲ್ ಶಮ್ಸ್ ಬೆಟ್ಟ ಹತ್ತಿ ಟೆಂಟು ಹಾಕಿದೆವು.

ಮಧ್ಯಾಹ್ನ ಮೋಡ ಕವಿದು ನಿಜವಾಗಿಯೂ ಹಿಮ ಬಿತ್ತು. ಧೃತಿ ಉರುಳಾಡಿ ಒದ್ದೆಮುದ್ದೆಯಾದಳು. ಒಣಬಟ್ಟೆ, ಎರಡೆರಡು ಸಾಕ್ಸ್ ಹಾಕಿ, ಕೆಳಗೆ ರಟ್ಟು ಹಾಸಿ ಅವಳನ್ನು ಟೆಂಟಿನಲ್ಲಿ ಮಲಗಿಸಿದೆವು. ಹಿಮ ನುಗ್ಗದಂತೆ ಗಾಳಿಕಿಂಡಿಗೂ ಟವೆಲ್ ತುರುಕಿದೆವು. ಅತ್ತೆಯನ್ನು ಅವಳ ಬಳಿ ಬಿಟ್ಟು, ನಾವಿಬ್ಬರೂ ಕಾರಿನ ಮರೆಯಲ್ಲಿ ಚಹಾ ಕಾಯಿಸಲು ಹೋದೆವು.

ಮರಳಿ ಬಂದು ಜಿಪ್ ಎಳೆದರೆ ಒಳಗೆ ಹಿತವಾದ ಬಿಸಿ. ಮಧ್ಯದಲ್ಲಿ ತಟ್ಟೆ ತುಂಬ ಕೆಂಡ! ನಾವು ತಂದ ಇದ್ದಿಲನ್ನು ಅತ್ತೆ ಹೊತ್ತಿಸಿ ಇಟ್ಟಿದ್ದರು. ಊರಿನಲ್ಲಿ ಎಷ್ಟೋ ಬಾಣಂತಿ, ಕೂಸುಗಳನ್ನು ಅತ್ತೆ ಕೆಂಡವಿಟ್ಟೇ ಬೆಚ್ಚಗಿಟ್ಟವರು. ಅಲ್ಲಿ ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಇಲ್ಲಿ ಸಂದಿಯೆಂಬುದೇ ಇರಲಿಲ್ಲ. ಕೆಂಡದಿಂದ ಏಳುವ ವಿಷಗಾಳಿಗೆ ಹೊಗೆಯೂ ಇಲ್ಲ, ವಾಸನೆಯೂ ಇಲ್ಲ.

"ತಲೆ ಸ್ವಲ್ಪ ನೋಯ್ತಾ ಉಂಟು," ಎಂದರು ಅತ್ತೆ. "ಮಗು ಈಗಷ್ಟೇ ಬೆಚ್ಚಗೆ ನಿದ್ದೆ ಮಾಡಿತು. ಎಬ್ಬಿಸ್ಬೇಡಿ."

ಎಬ್ಬಿಸಿದೆ. ಏಳಲಿಲ್ಲ. ಕೆನ್ನೆ ತಟ್ಟಿದರೆ ಕತ್ತು ವಾಲಿತು. ಅವಳನ್ನು ಹೊತ್ತು ಹೊರಗೆ ಓಡಿದೆ, ಸುಜಾತಾ ಅತ್ತೆಯನ್ನು ಎಳೆದು ತಂದಳು. ಪಕ್ಕದ ಟೆಂಟಿನ ಒಮಾನಿ ಯುವಕ ಕೆಂಡದ ತಟ್ಟೆಯತ್ತ ಒಮ್ಮೆ ನೋಡಿ, ತನ್ನ ಗಾಡಿಯ ಬಾಗಿಲು ತೆಗೆದ.

"ಯಲ್ಲಾ, ಸಬ್ ಖಿಡಕಿ ಖೋಲೋ," ಎಂದ, ಬೇಗ ಎಲ್ಲ ಕಿಟಕಿ ತೆರೆಯಿರಿ ಎಂದು.

ಮಧ್ಯಾಹ್ನದಿಂದ ಯಾವ ಚಳಿಗೆ ಹೆದರಿ ಬಾಗಿಲು ಮುಚ್ಚಿದ್ದೆವೋ ಅದೇ ಚಳಿಯನ್ನು ಮಗಳ ಮುಖಕ್ಕೆ ಹಿಡಿದುಕೊಂಡು ಇಳಿದೆವು. ಮೂರನೆಯ ತಿರುವಿನಲ್ಲಿ ಅವಳು ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ನಾನು ಅತ್ತುಬಿಟ್ಟೆ.

ನಿಜ್ವಾದ ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದರು. ಮಾರನೆಯ ದಿನ ಬೆಟ್ಟದಿಂದ ಕಾರು ತರಿಸಿಕೊಂಡು ಮಸ್ಕತ್ತಿಗೆ ಮರಳುವಾಗ ಹಿಂದೆ ಬೆಟ್ಟದ ತುದಿ ಬಿಳಿಯಾಗಿ ಹೊಳೆಯುತ್ತಿತ್ತು. ಧೃತಿ ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಗಿದ್ದಳು. ನೋಡಿ ಅತ್ತೆ, ಹಿಮ ಕಾಣುತ್ತಿದೆ ಎಂದೆ. ಅವರು ತಲೆಯೆತ್ತಲಿಲ್ಲ. ಮೊಮ್ಮಗಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದರು.