ಅವ್ವ ಮಾಡದ ಇಡ್ಲಿ

ಬೆಳಗಿನ ತಿಂಡಿ ಅಂದರೆ ಹೊಟ್ಟೆಗೆ ಸಂಬಂಧಪಟ್ಟ ವಿಷಯ ಅಂತ ನಾನು ಬಹಳ ಕಾಲ ತಿಳಿದಿದ್ದೆ. ಪೇಪರ್ ತೆಗೆದರೆ ತಿಂಡಿ ಬಿಟ್ಟವನಿಗೆ ಸಕ್ಕರೆ ಕಾಯಿಲೆ, ತಿಂದವನಿಗೆ ಬೊಜ್ಜು ಅಂತ ಒಂದೇ ಪುಟದಲ್ಲಿ ಬರೆದಿರುತ್ತದೆ. ನಾನು ಎರಡಕ್ಕೂ ಹೆದರುತ್ತೇನೆ. ಟೀವಿ ಹಾಕಿದರೆ, ಮುನಿಸಿಕೊಂಡಿದ್ದ ಇಬ್ಬರು ನಾಯಕರು ಒಂದೇ ಮೇಜಿಗೆ ಕೂತು ತಿಂಡಿ ತಿಂದರು ಅನ್ನುವುದೇ ದಿನವಿಡೀ ಸುದ್ದಿ. ಯಾರು ಯಾರಿಗೆ ಬಡಿಸಿದರು, ಯಾರು ಚಟ್ನಿ ಮುಟ್ಟಲಿಲ್ಲ, ಅದರ ಅರ್ಥವೇನು ಅಂತ ಕೋಟು ಹಾಕಿಕೊಂಡವರು ಚರ್ಚೆ ಮಾಡುತ್ತಾರೆ. ಚುನಾವಣೆ ಬಂದರೆ ನಮ್ಮ ನಾಗಪುರದಲ್ಲಿ ಎಲ್ಲ ಪಕ್ಷದವರೂ ತರ್ರಿ ಪೋಹೆ ಗಾಡಿಯ ಮುಂದೆ ನಿಂತುಬಿಡುತ್ತಾರೆ. ಅವಲಕ್ಕಿಯ ಮೇಲೆ ಕಡಲೆಕಾಳಿನ ಕೆಂಪು ಖಾರದ ರಸ ಸುರಿದು ಕೊಡುವ ತಿಂಡಿ ಅದು. ಬಿಳಿ ಅಂಗಿಗೆ ಒಂದು ಹನಿಯೂ ಬೀಳಿಸಿಕೊಳ್ಳದೆ ಅದನ್ನು ತಿನ್ನಬಲ್ಲವರಿಗೆ ಕಾರ್ಪೊರೇಶನ್ ನಡೆಸುವುದು ಯಾವ ಲೆಕ್ಕ.

ಇದನ್ನೆಲ್ಲ ನೋಡಿ ನಗುತ್ತಿದ್ದ ನನ್ನ ಮನೆಗೇ ಹೋದ ಚಳಿಗಾಲದಲ್ಲಿ ಒಬ್ಬ ಅಭ್ಯರ್ಥಿ ತಿಂಡಿಗೆ ಬಂದರು.

ನಾವು ಬಾಗಲಕೋಟೆ ಕಡೆಯವರು. ನಾನು ನಾಗಪುರದ ಅಂಚಿನ ಹಿಂಗಣಾದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗೇ ಇದ್ದಾಳೆ. ಅವಳಿಗೆ ಹಿಂದಿ, ಮರಾಠಿ ಬರುವುದಿಲ್ಲ. ಆದರೂ ನಮ್ಮ ಸೊಸೈಟಿಯಲ್ಲಿ ಅವಳಿಗೆ ನನಗಿಂತ ಹೆಚ್ಚು ಗೆಳೆತನ. ಕಟ್ಟಡದ ಹಿಂದೆ ಬಿಸಿಲು ಬೀಳುವ ಜಾಗದಲ್ಲಿ ಒಂದು ಕಲ್ಲಿನ ಬೆಂಚು ಇದೆ. ಚಳಿಗಾಲದಲ್ಲಿ ಅಲ್ಲಿ ನಾಲ್ಕೈದು ಮರಾಠಿ ಹೆಂಗಸರು ಕೂತು ಹಸಿ ತೊಗರಿಕಾಯಿ ಸುಲಿಯುತ್ತಾರೆ. ಅವ್ವ ಅವರ ನಡುವೆ ಕೂತು ಕನ್ನಡದಲ್ಲಿ ಮಾತಾಡುತ್ತಾಳೆ, ಅವರು ಮರಾಠಿಯಲ್ಲಿ ಉತ್ತರ ಕೊಡುತ್ತಾರೆ. ಮೊಣಕಾಲು ನೋವು, ಸೊಸೆ, ಮೆಂತ್ಯದ ರೇಟು, ಎಲ್ಲವೂ ಬರೋಬರ್ ಮುಟ್ಟುತ್ತದೆ. ಅವಳ ದಿನದ ಉಳಿದ ಭಾಗವೆಲ್ಲ ಆ ಬೆಂಚಿಗೆ ಹೋಗುವ ತಯಾರಿ, ಇಲ್ಲವೇ ಅಲ್ಲಿಂದ ತಂದ ಸುದ್ದಿ.

ನನ್ನ ಜೊತೆ ಬೆಳಿಗ್ಗೆ ವಾಕಿಂಗ್ ಬರುವ ಒಬ್ಬರು ವಾರ್ಡಿನಲ್ಲಿ ಪಕ್ಷದ ಕೆಲಸ ನೋಡಿಕೊಳ್ಳುತ್ತಿದ್ದರು. ತಮ್ಮ ಅಭ್ಯರ್ಥಿ ದಿನಕ್ಕೊಂದು ಪ್ರಾಂತದವರ ಮನೆಯಲ್ಲಿ ನಾಷ್ಟಾ ಮಾಡುತ್ತಿದ್ದಾರೆ, ಪಂಜಾಬಿಯವರದು ಆಯಿತು, ಬಂಗಾಳಿಯವರದೂ ಆಯಿತು, ಸೌತ್ ಇಂಡಿಯನ್ ಮನೆ ಅಂದರೆ ನಿಮ್ಮದೇ ಅಂದರು. ಇಡ್ಲಿ, ಸಾಂಬಾರ್, ಒಂದು ಸಣ್ಣ ಫೋಟೋ, ಲೋಕಲ್ ಚಾನೆಲಿಗೆ ಎರಡು ನಿಮಿಷ, ಅಷ್ಟೇ ಅಂತ ಭರವಸೆ ಕೊಟ್ಟರು. ಒಲ್ಲೆ ಅಂದರೆ ಈ ಪಕ್ಷದವರು ನೆನಪಿಡುತ್ತಾರೆ, ಹೂಂ ಅಂದರೆ ಆ ಪಕ್ಷದವರು ನೆನಪಿಡುತ್ತಾರೆ ಅಂತ ಎರಡು ದಿನ ಒದ್ದಾಡಿದೆ. ಕೊನೆಗೆ ಹೂಂ ಅಂದೆ. ಹೆದರಿಕೆಯಿಂದ ಅಂತ ಹೆಂಡತಿಗೆ ಹೇಳಿದೆ. ನಿಜ ಹೇಳಬೇಕೆಂದರೆ, ಟೀವಿಯಲ್ಲಿ ನಮ್ಮ ಹಾಲ್ ಹೇಗೆ ಕಂಡೀತು ಅಂತ ಅಷ್ಟರಲ್ಲೇ ಪರದೆಗಳನ್ನು ನೋಡತೊಡಗಿದ್ದೆ.

ಅವ್ವನಿಗೆ ವಿಷಯ ತಿಳಿಸಿದಾಗ ಅವಳಿಗೆ ಖುಷಿಯಾಯಿತು. ಮುಟಗಿ ಮಾಡುತ್ತೇನೆ ಅಂದಳು. ಬಿಸಿ ಜೋಳದ ರೊಟ್ಟಿಯನ್ನು ಮುರಿದು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಜೀರಿಗೆ ಹಾಕಿ ಕುಟ್ಟಿ, ಎಣ್ಣೆ ಬಿಟ್ಟು ಮುಷ್ಟಿಯಲ್ಲಿ ಹಿಡಿದು ಕೊಡುವ ತಿಂಡಿ. ನಮ್ಮ ಕಡೆ ಹೊಲಕ್ಕೆ ಹೋಗುವವರು ಅದನ್ನು ಕೈಯಲ್ಲೇ ಹಿಡಿದು ತಿಂದು ಹೋಗುತ್ತಾರೆ. ನಾನು ಅದನ್ನೇ ತಿಂದು ಬೆಳೆದೆ, ಈಗಲೂ ಭಾನುವಾರ ಮೂರು ತಿನ್ನುತ್ತೇನೆ. ಆದರೆ ಆ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಬೇರೆ: ಅಭ್ಯರ್ಥಿಯ ಕೈಯಲ್ಲಿ ಬೂದುಬಣ್ಣದ ಒಂದು ಮುದ್ದೆ, ಅದರ ಮೇಲೆ ಅವ್ವನ ಐದು ಬೆರಳಿನ ಗುರುತು, ಟೀವಿಯ ಕೆಳಗಿನ ಪಟ್ಟಿಯಲ್ಲಿ ನಮ್ಮ ಮನೆಯ ವಿಳಾಸ.

"ಅದು ಟೀವಿಯೊಳಗ ಚಲೋ ಕಾಣಂಗಿಲ್ಲ ಯವ್ವಾ," ಅಂದೆ. "ಅವರು ಇಡ್ಲಿನ ಬೇಕಂದಾರ."

"ತಿನ್ನಾಕ ಬರತಾರೋ, ನೋಡಾಕ ಬರತಾರೋ?" ಅಂತ ಅವ್ವ ಕೇಳಿದಳು.

ಇಡ್ಲಿಯನ್ನು ಮನೆಯಲ್ಲೇ ಮಾಡೋಣ ಅಂತ ಹೆಂಡತಿ ಅಂದಳು. ನಾಗಪುರದ ಆ ಚಳಿಯಲ್ಲಿ ಹಿಟ್ಟು ಉಬ್ಬದಿದ್ದರೆ ಏನು ಗತಿ ಅಂತ ನನಗೆ ಚಿಂತೆ ಹತ್ತಿತು. ಹತ್ತಿರದ ಹೋಟೆಲಿನಿಂದ ತಂದರೆ ಯಾರಾದರೂ ನೋಡಿಯಾರು ಅಂತ ಬೆಳಗಿನ ಮಂಜಿನಲ್ಲಿ ಸ್ಕೂಟರ್ ಹೊಡೆದುಕೊಂಡು ಸೀತಾಬರ್ಡಿಯವರೆಗೆ ಹೋದೆ. ಪಾರ್ಸೆಲ್ ಕಾಣಬಾರದು ಅಂತ ಆಫೀಸಿನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಹಾಕಿಕೊಂಡೆ. ದಾರಿಯಲ್ಲಿ ಸಾಂಬಾರಿನ ಚೀಲ ಒಡೆಯಿತು. ಲಿಫ್ಟಿನಲ್ಲಿ ಬಂದ ಕೆಳಮನೆಯವರು ನನ್ನನ್ನೂ ಬ್ಯಾಗನ್ನೂ ನೋಡಿ, ಆಫೀಸಿಗೆ ಇವತ್ತು ರಜೆಯೇ ಅಂತ ವಿಚಾರಿಸಿದರು. ಇಲ್ಲ, ಕೆಲಸ ಜಾಸ್ತಿ ಅಂದೆ. ನನ್ನ ಚಪ್ಪಲಿಯ ಮೇಲೆ ಬೇಳೆ ಇತ್ತು.

ಅಭ್ಯರ್ಥಿ ಹೇಳಿದ್ದಕ್ಕಿಂತ ಬಹಳ ತಡವಾಗಿ ಬಂದರು. ಜೊತೆಗೆ ಹತ್ತು ಹನ್ನೆರಡು ಜನ, ಒಂದು ಸ್ಥಳೀಯ ಚಾನೆಲಿನ ಕ್ಯಾಮೆರಾ, ಮೈಕ್ ಹಿಡಿದ ಒಬ್ಬ ಹುಡುಗಿ. ಪಾಪ, ಅವರ ಹೊಟ್ಟೆ ಆಗಲೇ ತುಂಬಿತ್ತು. ಬರುವ ದಾರಿಯಲ್ಲಿ ಎರಡು ಗಾಡಿಯ ಮುಂದೆ ಪೋಹೆ ತಿನ್ನಿಸಿದ್ದರಂತೆ. ಇಡ್ಲಿಯ ಒಂದು ಮೂಲೆ ಮುರಿದು, ಬಾಯಿಯ ಹತ್ತಿರ ಹಿಡಿದು, ಕ್ಯಾಮೆರಾದವನು ಆಯಿತು ಅಂದ ಮೇಲೆ ತಟ್ಟೆಗೇ ಇಟ್ಟರು. ಆ ಹುಡುಗಿ ಮೈಕನ್ನು ಅವ್ವನ ಮುಂದೆ ಹಿಡಿದು, ಇಷ್ಟು ಮೆತ್ತಗಿನ ಇಡ್ಲಿ ನೀವೇ ಮಾಡಿದ್ದಾ ಆಜಿ ಅಂತ ಹಿಂದಿಯಲ್ಲಿ ಕೇಳಿದಳು. ಅವ್ವ ನನ್ನ ಕಡೆ ನೋಡಿದಳು. ಇಡ್ಲಿ ಯಾರು ಮಾಡ್ಯಾರ ಅಂತ ಕೇಳ್ತಾರವಾ, ಅಂದೆ. ಕೇಳದೆ ಬೇರೇನಾದರೂ ಹೇಳಬಹುದಿತ್ತು. ಹೊಳೆಯಲಿಲ್ಲ.

ಅವ್ವ ಸೆರಗು ಸರಿಮಾಡಿಕೊಂಡು ನೇರ ಕ್ಯಾಮೆರಾಕ್ಕೇ ಹೇಳಿದಳು: "ನಮ್ಮನ್ಯಾಗ ಇಡ್ಲಿ ಮಾಡಂಗಿಲ್ಲ. ಇವ ಹೋಟೆಲಿಂದ ತಂದಾನ. ನಾ ಮುಟಗಿ ಮಾಡತೇನಿ ಅಂದೆ, ಬ್ಯಾಡ ಅಂದ. ಸಾಹೇಬ್ರಿಗೆ ಹಸಿವಿದ್ರ ಕುಂದರಲಿ, ಎರಡು ರೊಟ್ಟಿ ಬಡಿತೇನಿ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಬಾಯಿಂದ ಒಳ್ಳೆ ಹಿಂದಿ ಎಂದೂ ಬಂದದ್ದಿಲ್ಲ, ಆವತ್ತು ಬಂತು. ಬೆಳಕು ಹರಿಯುವ ಮೊದಲೇ ಎದ್ದು ತನ್ನ ಕೈಯಾರೆ ಮಾಡಿದ್ದೇನೆ ಅಂತಾಳೆ, ಸಾಹೇಬರು ಉಂಡರೆ ತನ್ನ ಮಗನೇ ಉಂಡ ಹಾಗೆ ಅಂತಾಳೆ, ಅಂದೆ. ಅಭ್ಯರ್ಥಿ ಎದ್ದು ಅವ್ವನ ಕಾಲು ಮುಟ್ಟಿದರು. ರೊಟ್ಟಿಗೆ ಕರೆದದ್ದಕ್ಕೆ ಇಷ್ಟು ಗೌರವವೇ ಅಂತ ಅವ್ವನಿಗೆ ಕಣ್ಣು ತುಂಬಿ ಬಂತು. ಕ್ಯಾಮೆರಾ ಅದನ್ನೂ ತೆಗೆದುಕೊಂಡಿತು.

ನಾನು ದಿನಕ್ಕೆ ಎಷ್ಟೋ ಸಲ ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಅಂತ ನೋಡಿಬರುವ ಮನುಷ್ಯ. ಆಗಬಹುದಾದ ಎಲ್ಲ ಅನಾಹುತಗಳೂ ನನಗೆ ಮುಂಚೆಯೇ ಬಾಯಿಪಾಠ. ಆದರೆ ಒಂದೇ ವಿಡಿಯೋದಲ್ಲಿ ಅವ್ವನ ಕನ್ನಡವೂ ನನ್ನ ಹಿಂದಿಯೂ ಒಂದರ ಹಿಂದೆ ಒಂದು ಇದೆ, ಎರಡೂ ತಿಳಿಯುವ ಜನ ಈ ಊರಿನಲ್ಲೇ ಬೇಕಾದಷ್ಟಿದ್ದಾರೆ ಅನ್ನುವುದು ಮಾತ್ರ ತಲೆಗೆ ಬರಲಿಲ್ಲ. ರೈಲ್ವೆಯವರು, ಏರ್‌ಫೋರ್ಸಿನವರು, ಕಾಮ್ಠಿಯ ಮಿಲಿಟರಿಯವರು, ಎಲ್ಲ ಇರುವ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಅದು ಸಂಜೆಯೊಳಗೆ ಬಂತು. ಮೈಸೂರು ಕಡೆಯ ಒಬ್ಬ ನಿವೃತ್ತರು, "ಅನುವಾದ ಮೂಲಕ್ಕಿಂತ ಸೊಗಸಾಗಿದೆ ಸಾರ್" ಅಂತ ಬರೆದು ಕೈಮುಗಿದ ಚಿತ್ರ ಹಾಕಿದ್ದರು. ಅದಕ್ಕೆ ಬಿದ್ದ ನಗುಮುಖಗಳನ್ನು ನೋಡಲಾರದೆ ಫೋನು ಮಗುಚಿ ಇಟ್ಟೆ. ಮತ್ತೆ ತೆಗೆದು ಎಣಿಸಿದೆ ಅನ್ನುವುದು ಬೇರೆ ಮಾತು.

ಅವ್ವನಿಗೆ ಇದೊಂದೂ ಗೊತ್ತಿರಲಿಲ್ಲ. ಕೆಳಗೆ ಬೆಂಚಿನ ಹೆಂಗಸರು ಅವಳನ್ನು ಇಡ್ಲಿವಾಲಿ ಆಜಿ ಅಂತ ಕರೆಯತೊಡಗಿದರು. ಹಾಗಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹೊಗಳಿಕೆ ಇರಬೇಕು ಅಂತ ಅವ್ವ ನಗುತ್ತ ಮೇಲೆ ಬಂದು ನನಗೆ ಹೇಳುತ್ತಿದ್ದಳು. ನಾನೂ ಹೌದವಾ ಅನ್ನುತ್ತಿದ್ದೆ.

ಸುದ್ದಿ ಒಡೆದದ್ದು ಊರಿನಿಂದ. ಅವ್ವನ ತಂಗಿ, ನಮ್ಮ ಚಿಗವ್ವ, ಫೋನ್ ಮಾಡಿದಳು. ಅವಳ ಮೊಮ್ಮಗ ವಿಡಿಯೋ ತೋರಿಸಿ ಹಿಂದಿ ಮಾತಿನ ಅರ್ಥವನ್ನೂ ಹೇಳಿದ್ದ. ಅವ್ವನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ, ಹಾಗಾಗಿ ನಾವೂ ಕೇಳಿದೆವು. "ಯಕ್ಕಾ, ನಿನಗ ರಾಜಕಾರಣಿ ಮಗ ಇದ್ದಾನ ಅಂತ ನನಗ ಗೊತ್ತಿದ್ದಿಲ್ಲ ನೋಡು," ಅಂದು ಚಿಗವ್ವ ನಕ್ಕಳು. ಆಮೇಲೆ ನಾನು ಏನಂದಿದ್ದೆ ಅನ್ನುವುದನ್ನು ಒಂದೂ ಬಿಡದೆ ಹೇಳಿದಳು.

ಅವ್ವ ಫೋನಿಟ್ಟು ನನ್ನ ಕಡೆ ನೋಡಿದಳು. "ನಾ ಹಂಗ ಅಂದ್ನೇನು?"

ಎಲ್ಲ ಕಾರಣಗಳೂ ನನ್ನ ಹತ್ತಿರ ಸಿದ್ಧವಾಗಿದ್ದವು: ಅಷ್ಟು ಜನರ ಮುಂದೆ, ಬಂದವರ ಮರ್ಯಾದೆ, ಆ ಗಡಿಬಿಡಿ. ಹೆಂಡತಿಯ ಕಡೆ ನೋಡಿದೆ. ಅವಳು ಒಲೆಯ ಕಡೆ ತಿರುಗಿ ನಿಂತುಬಿಟ್ಟಳು. ಅವಳ ಬೆನ್ನು ಕೂಡ ನನ್ನ ಪರವಾಗಿರಲಿಲ್ಲ.

ಮರುದಿನದಿಂದ ಅವ್ವ ಕೆಳಗೆ ಹೋಗುವುದನ್ನು ಬಿಟ್ಟಳು. ಚಳಿ ಅಂದಳು, ಬಿಸಿಲು ಕಾಯುವುದಕ್ಕೆಂದೇ ಹೋಗುತ್ತಿದ್ದವಳು. ಅಡುಗೆಮನೆಯ ಕಿಟಕಿಯಿಂದ ಬೆಂಚು ಕಾಣುತ್ತದೆ. ಅಲ್ಲಿ ನಿಂತು ನೋಡಿ, ಯಾರಾದರೂ ತಲೆ ಎತ್ತಿದರೆ ಹಿಂದೆ ಸರಿಯುತ್ತಿದ್ದಳು. ಆಗ ಅರ್ಥವಾಯಿತು ಅವಳಿಗೆ, ಆ ಹೆಂಗಸರು ಯಾಕೆ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು ಅಂತ. ನನಗಿಂತ ಮೊದಲು ಅವಳಿಗೇ ಅರ್ಥವಾಯಿತು. ನಾನು ಆ ದಿನಗಳಲ್ಲಿ ಗುಂಪಿನವರು ನನ್ನ ಬಗ್ಗೆ ಏನಂದುಕೊಂಡರು, ಕಾರ್ಖಾನೆಯಲ್ಲಿ ಯಾರಾದರೂ ನೋಡಿದರೇ ಅಂತ ನಿದ್ದೆಗೆಟ್ಟಿದ್ದೆ. ಅವಮಾನದಲ್ಲಿಯೂ ನಾನೇ ಮುಂದಿನ ಸಾಲಿನಲ್ಲಿ ಕೂತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಅವ್ವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. ನಡಿ ಅಂದಳು. ನಾನು ಅವಳ ಹಿಂದೆ ಇಳಿದೆ. ಕೆಳಗೆ ಬೆಂಚಿನಲ್ಲಿ ಹೆಂಗಸರೆಲ್ಲ ಕೂತಿದ್ದರು, ಮಡಿಲಲ್ಲಿ ತೊಗರಿಕಾಯಿ. ಅವ್ವ ಕೂರಲಿಲ್ಲ. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಳು.

"ನಾ ಏನ್ ಹೇಳತೇನಿ, ಅದನ್ನ ಅಷ್ಟ ಹೇಳು. ಒಂದು ಹೆಚ್ಚಿಲ್ಲ, ಒಂದು ಕಡಿಮಿ ಇಲ್ಲ."

ಆಮೇಲೆ ಅವರ ಕಡೆ ನೋಡಿ ನಿಧಾನವಾಗಿ ಹೇಳಿದಳು, ಪ್ರತಿ ಮಾತಿಗೂ ನಿಂತು, ನನಗೆ ಅವಕಾಶ ಕೊಟ್ಟು. ಇಡ್ಲಿ ನಾನು ಮಾಡಿದ್ದಲ್ಲ. ನಾನು ಮಾಡಿದ್ದು ಅಂತ ಯಾರಿಗೂ ಹೇಳಿಲ್ಲ. ಹೋಟೆಲಿಂದು ಅಂತಲೇ ಹೇಳಿದ್ದೆ. ನಾನು ಮರಾಠಿಯಲ್ಲಿ ಹೇಳುತ್ತ ಹೋದೆ. ಕ್ಯಾಮೆರಾದ ಮುಂದೆ ಬಂದ ಆ ಒಳ್ಳೆ ಭಾಷೆ ಎಲ್ಲಿ ಹೋಗಿತ್ತೋ, ಶಬ್ದ ಶಬ್ದಕ್ಕೂ ತಡವರಿಸಿದೆ.

"ನನ್ನ ಮಗಗ ನಮ್ಮ ರೊಟ್ಟಿ ಅಂದ್ರ ನಾಚಿಕಿ," ಅಂದಳು ಅವ್ವ. "ಅದಕ್ಕ ಸುಳ್ಳು ಹೇಳಿದ."

ಅದನ್ನೂ ಹೇಳಬೇಕಾಗಿತ್ತು. ಸ್ವಲ್ಪ ಮೆತ್ತಗೆ ಮಾಡಿ ಹೇಳಲು ಒಂದು ದಾರಿ ಹೊಳೆಯಿತು ಕೂಡ. ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ನನ್ನ ಮಗನಿಗೆ ನಮ್ಮ ರೊಟ್ಟಿ ಅಂದರೆ ನಾಚಿಕೆ, ಅದಕ್ಕೆ ಅವನು ಸುಳ್ಳು ಹೇಳಿದ, ಅಂತ ನಾನೇ, ನನ್ನ ಬಾಯಿಂದಲೇ, ಐದು ಜನ ಹೆಂಗಸರ ಮುಂದೆ ಹೇಳಿದೆ.

ಅವರಲ್ಲಿ ಹಿರಿಯಳಾದ ಕೆಳಮನೆಯಾಕೆ ನನಗೆ ಮರಾಠಿಯಲ್ಲಿ ಹೇಳಿದಳು, ಇಡ್ಲಿ ಹೊರಗಿನದು ಅಂತ ನಮಗೆ ಆವತ್ತೇ ಗೊತ್ತಿತ್ತು ಭಾವು, ನಮ್ಮ ಯಜಮಾನರೇ ಲಿಫ್ಟಿನಲ್ಲಿ ನಿಮ್ಮ ಬ್ಯಾಗ್ ನೋಡಿದ್ದರು. ಮತ್ತೆ ದನಿ ತಗ್ಗಿಸಿದಳು. "ಆಜೀನೇ ಬಡಾಯಿ ಕೊಚ್ಚಿದಳು ಅಂದುಕೊಂಡಿದ್ವಿ."

"ಏನಂತಾಳ?" ಅಂತ ಅವ್ವ ಕೇಳಿದಳು.

ಅದನ್ನೂ ಕನ್ನಡದಲ್ಲಿ ಹೇಳಿದೆ. ಅವ್ವ ತಲೆಯಾಡಿಸಿದಳು, ನನಗಲ್ಲ, ಆಕೆಗೆ. ಆಕೆ ಮಡಿಲಿನ ಕಾಯಿ ಒಂದು ಕಡೆ ಮಾಡಿಕೊಂಡು ಸರಿದು ಕೂತು ಜಾಗ ಮಾಡಿದಳು. ಅವ್ವ ಮೊಣಕಾಲು ಹಿಡಿದುಕೊಂಡು ಕೂತಳು, ಒಂದು ಹಿಡಿ ತೊಗರಿಕಾಯಿ ತೆಗೆದುಕೊಂಡಳು, ಕಾಳು ಎಳೆಯವು ಅಂತ ಕನ್ನಡದಲ್ಲಿ ಅಂದಳು. ಆಕೆ ಏನೋ ಮರಾಠಿಯಲ್ಲಿ ಅಂದಳು. ನಾನು ಅದನ್ನು ತಿಳಿಸಬೇಕು ಅನ್ನುವಷ್ಟರಲ್ಲಿ ಅವ್ವ ಕೈ ಎತ್ತಿದಳು.

"ನೀ ಹೋಗು ಇನ್ನ. ನಮಗ ಮಾತಾಡಾಕ ಬರತೈತಿ."

ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ, ಅವ್ವನಿಗೆ ನನ್ನ ಹತ್ತಿರ ಬೇರೆ ಏನಾದರೂ ಹೇಳುವುದಿರಬಹುದು ಅಂತ. ಇರಲಿಲ್ಲ.